ಆನ್‌ಗೋಯಿಂಗ್ ಅಂದ್ರೆ ‘ಮುಂದುವರಿದ’ ಅಂತಾನಾ?

ಹೋದ ವಾರ ಮಂಡ್ಯದಲ್ಲಿ ಅಮ್ಮನ ವಿಮೆ ಅರ್ಜಿ ತುಂಬುತ್ತಿದ್ದೆ. ಒಂದು ಕಡೆ ಇಂಗ್ಲಿಷಿನಲ್ಲಿ ‘ಆನ್‌ಗೋಯಿಂಗ್ ಟ್ರೀಟ್‌ಮೆಂಟ್’ ಅಂತಿತ್ತು, ಕೆಳಗೆ ಕನ್ನಡದಲ್ಲಿ ‘ಮುಂದುವರಿದ ಚಿಕಿತ್ಸೆ’. ಅಮ್ಮ ಕನ್ನಡದ್ದನ್ನು ಓದಿ, ‘ಅಂಥ ದೊಡ್ಡ ಚಿಕಿತ್ಸೆ ಏನೂ ಇಲ್ಲ ಕಣಪ್ಪ, ಇಲ್ಲ ಅಂತ ಬರಿ’ ಅಂದರು. ಹತ್ತು ವರ್ಷದಿಂದ ದಿನಾ ಶುಗರ್ ಮಾತ್ರೆ ನುಂಗುತ್ತಿದ್ದಾರೆ!

ತಪ್ಪು ಅಮ್ಮನದಲ್ಲ. ‘ಮುಂದುವರಿದ ದೇಶ’ ಅಂತ ಶಾಲೆಯಲ್ಲಿ ಓದಿದವರಿಗೆ ಆ ಪದ ಕಂಡರೆ ಏಳಿಗೆಯೇ ನೆನಪಾಗೋದು. ಅಲ್ಲದೆ ‘ಮುಂದುವರಿದ’ ಅನ್ನೋದು ಭೂತಕಾಲದ ರೂಪ. ಆನ್‌ಗೋಯಿಂಗ್ ಅಂದ್ರೆ ಶುರುವಾಗಿದೆ, ಇನ್ನೂ ಮುಗಿದಿಲ್ಲ ಅಂತ.

ಕೆಲವರು ‘ನಿರಂತರ’ ಹಾಕ್ತಾರೆ. ಅದು ಇನ್ನೂ ದೂರ. ನಿರಂತರ, ಸತತ ಅಂದ್ರೆ ನಡುವೆ ಬಿಡುವೇ ಇಲ್ಲ, ಇಂಗ್ಲಿಷಿನ ಕಂಟಿನ್ಯುಯಸ್. ಆನ್‌ಗೋಯಿಂಗ್‌ಗೆ ಬಿಡುವು ಇರಬಹುದು. ನಮ್ಮ ನಾಲೆಗೆ ಕಟ್ಟು ನೀರು ಬಿಡ್ತಾರಲ್ಲ, ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ಆ ನೀರನ್ನು ನಿರಂತರ ಅನ್ನೋಕಾಗಲ್ಲ, ಆದರೆ ನೀರು ಬಿಡೋದು ನಡೆಯುತ್ತಿದೆ ಅನ್ನಬಹುದು. ಕಾವೇರಿ ಜಗಳವೂ ಹಾಗೇ. 1990ರಲ್ಲಿ ನ್ಯಾಯಮಂಡಳಿ ಆಯ್ತು, 2007ರಲ್ಲಿ ಅದರ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನದ್ದು, ಆಮೇಲೂ 2023ರಲ್ಲಿ ಮಳೆ ಕೈಕೊಟ್ಟಾಗ ಮಂಡ್ಯದ ಜನ ಮತ್ತೆ ರಸ್ತೆಗಿಳಿದರು. ಒಳ್ಳೆ ಮಳೆಯಾದ ವರ್ಷ ಯಾರೂ ಸೊಲ್ಲೆತ್ತಲ್ಲ. ಇದು ‘ಮುಗಿಯದ ವಿವಾದ’, ನಿರಂತರ ವಿವಾದ ಅಲ್ಲ.

‘ಚಾಲ್ತಿ’ ಖಾತೆಗೆ, ದರಕ್ಕೆ ಸರಿ. ‘ಜಾರಿ’ ಕಾನೂನಿಗೆ. ‘ಪ್ರಗತಿಯಲ್ಲಿದೆ’ ಅಂತ ರಸ್ತೆ ಅಗೆದ ಕಡೆ ಬೋರ್ಡ್ ಇರುತ್ತೆ, ಪ್ರಗತಿ ಎಲ್ಲಿ ಅಂತ ಮಾತ್ರ ಕೇಳಬಾರದು.

ನನಗನ್ನಿಸೋದು, ಇದಕ್ಕೆ ಒಂದೇ ಪದ ಹುಡುಕೋದೇ ದಂಡ. ಕನ್ನಡದಲ್ಲಿ ಈ ಕೆಲಸ ಮಾಡೋದು ಕ್ರಿಯಾಪದದ ‘ಉತ್ತಿರುವ’ ರೂಪ. ನಡೆಯುತ್ತಿರುವ ತನಿಖೆ, ಕಟ್ಟುತ್ತಿರುವ ಮನೆ, ತೆಗೆದುಕೊಳ್ಳುತ್ತಿರುವ ಔಷಧಿ. ನಾಮಪದ ಬದಲಾದರೆ ಕ್ರಿಯಾಪದವೂ ಬದಲಾಗುತ್ತೆ, ಅಷ್ಟೆ. ಇನ್ನು ‘ಆನ್‌ಗೋಯಿಂಗ್ ಸಪೋರ್ಟ್’ ಅಂದಾಗ ಕಣ್ಣು ಮುಂದಿನ ದಿನಗಳ ಮೇಲಿರುತ್ತೆ, ಅಲ್ಲಿ ‘ಮುಂದೆಯೂ ಸಿಗುವ ನೆರವು’ ಅನ್ನೋದೇ ವಾಸಿ.

ಅರ್ಜಿಯಲ್ಲಿ ಜಾಗ ಕಮ್ಮಿ, ಪದ ಚಿಕ್ಕದಿರಬೇಕು ಅಂತಾರೆ, ಒಪ್ಪೋಣ. ಗೆಳೆಯನೊಬ್ಬ ‘ಚಾಲೂ ಚಿಕಿತ್ಸೆ’ ಅಂದ. ಚಾಲೂ ಅಂದ್ರೆ ನಮ್ಮ ಕಡೆ ಕಿಲಾಡಿ ಅಂತಲೂ ಆಗುತ್ತೆ, ಡಾಕ್ಟರಿಗೆ ಬೇಜಾರಾದೀತು! ನಾನು ‘ಈಗಿನ ಚಿಕಿತ್ಸೆ’ ಅಂತ ತಿದ್ದಿ ಓದಿದೆ, ಅಮ್ಮ ತಕ್ಷಣ ಮಾತ್ರೆ ಡಬ್ಬಿ ತಂದಿಟ್ಟರು. ಆದರೆ ‘ಈಗಿನ’ ಅಂದ್ರೆ ಮೊದಲಿಂದ ನಡೆದು ಬಂದದ್ದು ಅನ್ನೋ ಅರ್ಥ ಬಿಟ್ಟುಹೋಗುತ್ತೆ ಅಲ್ವಾ? ಇದಕ್ಕಿಂತ ಒಳ್ಳೆ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ಹೇಳಿ.