ಮೆಕ್ಯಾನಿಕಲ್ ಓದಿದವರಿಗೆ ನೀರು ಮತ್ತು ಕೊಳಚೆನೀರಿನ ಕ್ಷೇತ್ರದಲ್ಲಿ ನಿಜವಾದ ಕೆಲಸವಿದೆಯೇ?

ಪ್ರಶ್ನೆ (ಚಾಕಣ್, ಪುಣೆ):
ನಾನು ಹಾವೇರಿ ಜಿಲ್ಲೆಯವನು, ಮೆಕ್ಯಾನಿಕಲ್ ಬಿ.ಇ. ಮುಗಿಸಿ ಆರು ವರ್ಷಗಳಿಂದ ಇಲ್ಲಿನ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿದ್ದೇನೆ. ಈಗ ನೀರು ಸರಬರಾಜು ಮತ್ತು ಕೊಳಚೆನೀರು ಶುದ್ಧೀಕರಣದ ಗುತ್ತಿಗೆ ಹಿಡಿಯುವ ಮುಂಬೈಯ ಕಂಪನಿಯೊಂದರಿಂದ ಕರೆ ಬಂದಿದೆ. ಅದು ಸಿವಿಲ್‌ನವರ ಕ್ಷೇತ್ರ, ಅಲ್ಲಿ ನಮ್ಮವರು ಪಂಪಿನ ಕ್ಯಾಟಲಾಗ್ ತಿರುವಿ ಕೊಟೇಶನ್ ತರಿಸುವ ಗುಮಾಸ್ತರಾಗುತ್ತಾರೆ ಎಂದು ಸಹೋದ್ಯೋಗಿಗಳು ಎಚ್ಚರಿಸುತ್ತಾರೆ. ಊರಿನಲ್ಲಿ ಅವ್ವನಿಗಂತೂ ಮಗ ಗಟಾರದ ಕೆಲಸಕ್ಕೆ ಹೋಗುತ್ತಾನೆಂಬ ಚಿಂತೆ. ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಠಾಣೆ, ನಿವೃತ್ತ):
ತೊಟ್ಟಿ ಕಟ್ಟುವವರು ಸಿವಿಲ್‌ನವರೇ; ಆದರೆ ತೊಟ್ಟಿಯಿಂದ ತೊಟ್ಟಿಗೆ ನೀರು ಏರಬೇಕಾದಲ್ಲೆಲ್ಲ ಹೊಣೆ ನಮ್ಮದು. ಮುಂಬೈಯನ್ನೇ ನೋಡಿ: ತಾನ್ಸಾ, ವೈತರಣಾ ಜಲಾಶಯಗಳ ಕಡೆಯ ನೀರು ಬಹುಮಟ್ಟಿಗೆ ಇಳಿಜಾರಿನಲ್ಲೇ ಹರಿದು ಬರುತ್ತದೆ, ಭಾತ್ಸಾದ ನೀರನ್ನು ಮಾತ್ರ ಪಿಸೆಯಲ್ಲಿ ಎತ್ತಿ ಪಾಂಜರಾಪುರದ ಶುದ್ಧೀಕರಣ ಘಟಕಕ್ಕೆ ಕಳಿಸಬೇಕು.

ಕ್ಯಾಟಲಾಗ್ ತಿರುವುವುದು ಸಣ್ಣ ಕೆಲಸವೆಂದು ಯಾರು ಹೇಳಿದರೋ! ಗಂಟೆಗೆ 500 ಘನ ಮೀಟರ್ ನೀರನ್ನು 40 ಮೀಟರ್ ಹೆಡ್‌ಗೆ (ಪಂಪಿನ ಒತ್ತಡವನ್ನು ನೀರಿನ ಎತ್ತರದಲ್ಲಿ ಹೇಳುವ ಅಳತೆ) ಎತ್ತುವ ಪಂಪು ಶೇ. 75ರ ದಕ್ಷತೆಯಲ್ಲಿ ಸುಮಾರು 73 ಕಿಲೋವ್ಯಾಟ್ ಬೇಡುತ್ತದೆ, ಶೇ. 60ರಲ್ಲಿ ಸುಮಾರು 91. ದಿನಕ್ಕೆ 20 ಗಂಟೆ ಓಡಿದರೆ ಈ ವ್ಯತ್ಯಾಸವೊಂದೇ ವರ್ಷಕ್ಕೆ 1.3 ಲಕ್ಷ ಯೂನಿಟ್ ದಾಟುತ್ತದೆ. ಟೆಂಡರಿನಲ್ಲಿ ಅಗ್ಗವಾಗಿ ಕಂಡ ಪಂಪು ಮುಂದೆ ಕರೆಂಟ್ ಬಿಲ್ಲಿನಲ್ಲಿ ತನ್ನ ಬೆಲೆಯನ್ನು ವಸೂಲು ಮಾಡುತ್ತದೆ.

ಒಂದು ಘಟಕದಲ್ಲಿ ವಿದ್ಯುತ್ ಉಳಿಸಲೆಂದು ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಹಾಕಿಸಿ, ವೇಗವನ್ನು ಶೇ. 80ಕ್ಕೆ ಇಳಿಸಿದ ದಿನ ತುದಿಯಲ್ಲಿ ಹನಿ ನೀರೂ ಬರಲಿಲ್ಲ. ವೇಗ ಇಳಿದರೆ ವಿದ್ಯುತ್ ಬಳಕೆ ಅದರ ಘನದಂತೆ ಇಳಿಯುತ್ತದೆಂಬ ಸೂತ್ರ ಎಲ್ಲರಿಗೂ ನೆನಪಿತ್ತು, ಹೆಡ್ ವರ್ಗದಂತೆ ಇಳಿಯುತ್ತದೆಂಬುದನ್ನು ನನ್ನನ್ನೂ ಸೇರಿಸಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹರಿವು ನಿಂತಾಗ 50 ಮೀಟರ್ ಕೊಡುತ್ತಿದ್ದ ಪಂಪು ಆ ವೇಗದಲ್ಲಿ 32 ಮೀಟರಿಗೆ ಕುಸಿದಿತ್ತು. ನೀರು ಏರಬೇಕಾದ ಎತ್ತರವೂ ಅಷ್ಟೇ ಇತ್ತು.

ಉತ್ತರ 2 (ಪುಣೆ, ಎಸ್‌ಟಿಪಿ, ಅಂದರೆ ಕೊಳಚೆನೀರು ಶುದ್ಧೀಕರಣ ಘಟಕದ ನಿರ್ವಹಣೆಯಲ್ಲಿರುವವಳು):
ಸರ್ ಹೇಳಿದ್ದು ನೀರಿನ ಮಾತು. ಕೊಳಚೆನೀರಿನಲ್ಲಿ ಪಂಪಿಗಿಂತ ಗಾಳಿ ಊದುವ ಯಂತ್ರ, ಅಂದರೆ ಬ್ಲೋವರ್ ದೊಡ್ಡ ವಿಷಯ. ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಗಾಳಿ ಊದುವುದಕ್ಕೇ ಘಟಕದ ವಿದ್ಯುತ್ತಿನ ಸುಮಾರು ಅರ್ಧ ಭಾಗ ಹೋಗುವುದು ಸಾಮಾನ್ಯ. ಆ ಗಾಳಿಯನ್ನು ತೊಟ್ಟಿಯ ತಳದಲ್ಲಿ ಗುಳ್ಳೆಗಳಾಗಿ ಬಿಡುವ ಡಿಫ್ಯೂಸರುಗಳ ರಂಧ್ರಗಳು ಕಟ್ಟಿಕೊಂಡಂತೆ ಬ್ಲೋವರಿನ ಒತ್ತಡ ಸದ್ದಿಲ್ಲದೆ ಏರುತ್ತದೆ, ಆದ್ದರಿಂದ ಪ್ರೆಶರ್ ಗೇಜನ್ನು ದಿನವೂ ಬರೆದಿಡುವವರೇ ನಿಜವಾದ ನಿರ್ವಹಣೆ ಮಾಡುವವರು. ಪಂಪಿಗೆ ಮೊದಲು ಕಸ ತಡೆಯುವ ಜಾಲರಿ ಸರಿಯಿಲ್ಲದಿದ್ದರೆ ಕೂದಲು, ಬಟ್ಟೆಚೂರು ಪಂಪಿನೊಳಗೆ ತಿರುಗುವ ಚಕ್ರಕ್ಕೆ (ಇಂಪೆಲ್ಲರ್) ಜಡೆಯಂತೆ ಸುತ್ತಿಕೊಳ್ಳುತ್ತವೆ. ಎಷ್ಟು ಒಳ್ಳೆಯ ಪಂಪು ತಂದರೂ ಆಗ ಪ್ರಯೋಜನವಿಲ್ಲ.

ಅವ್ವನ ಚಿಂತೆಗೆ ಕಾರಣವಿಲ್ಲದಿಲ್ಲ, ಆದರೆ ಅದು ವಾಸನೆಯದಲ್ಲ, ವಿಷಗಾಳಿಯದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗೇ ಮಂದವಾಗಿ, ವಾಸನೆ ಹೋಯಿತೆಂದು ಭ್ರಮೆಯಾಗುತ್ತದೆ. ವಿಷಗಾಳಿ ಅಳೆಯುವ ಗ್ಯಾಸ್ ಮೀಟರ್ ಇಲ್ಲದೆ ಕೊಳಚೆನೀರಿನ ಬಾವಿಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಮೇಲಧಿಕಾರಿ ಅವಸರ ಮಾಡಿದರೂ ಸರಿಯೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ವಿನ್ಯಾಸ ವಿಭಾಗ, ಕಮಿಷನಿಂಗ್ (ಕಟ್ಟಿದ ಘಟಕವನ್ನು ಪರೀಕ್ಷಿಸಿ ಚಾಲೂ ಮಾಡುವ ಕೆಲಸ) ಎರಡರಲ್ಲೂ ಜಾಗವಿದೆಯಂತೆ. ಯಾವುದನ್ನು ಮೊದಲು ಆರಿಸಿಕೊಳ್ಳಲಿ?

ಉತ್ತರ 1 (ಠಾಣೆ):
ಕಮಿಷನಿಂಗ್. ಪಂಪಿನಿಂದ ಮೇಲಕ್ಕೆ ನೀರು ಒಯ್ಯುವ ಉದ್ದದ ಕೊಳವೆ (ರೈಸಿಂಗ್ ಮೇನ್) ಇರುವ ಕಡೆ ಕರೆಂಟ್ ಹೋದಾಗ ಒಮ್ಮೆ ನಿಂತು ನೋಡಿ: ಮುಂದೆ ಓಡುತ್ತಿದ್ದ ನೀರಿನ ಕಂಬ ತಿರುಗಿ ಬಂದು ಹಿಮ್ಮುಖ ತಡೆಯುವ ವಾಲ್ವನ್ನು ಬಡಿಯುವ ಸದ್ದಿಗೆ ನೆಲವೇ ಅದುರುತ್ತದೆ. ಕೊಳವೆಗೆ ಗಾಳಿ ಬಿಡುವ, ತೆಗೆಯುವ ಏರ್ ವಾಲ್ವ್ ಎಲ್ಲಿರಬೇಕು, ಆ ಹೊಡೆತ ತಗ್ಗಿಸುವ ಸರ್ಜ್ ವೆಸೆಲ್ ಏಕೆ ಬೇಕು ಎಂಬುದು ಆ ಸದ್ದು ಕೇಳಿದವನಿಗೆ ಬೇಗ ಅರ್ಥವಾಗುತ್ತದೆ. ಎರಡು ಮಳೆಗಾಲ ಸೈಟಿನಲ್ಲಿ ಕಳೆದು ಬಳಿಕ ವಿನ್ಯಾಸಕ್ಕೆ ಬನ್ನಿ. ಸಂದರ್ಶನದಲ್ಲಿ ಸಂಬಳದ ಜೊತೆಗೆ, ಘಟಕ ಕಟ್ಟಿದ ಮೇಲೆ ಎಷ್ಟು ವರ್ಷ ಅದನ್ನು ನಡೆಸುವ ಹೊಣೆ ಆ ಕಂಪನಿಗೆ ಇರುತ್ತದೆಂದು ಕೇಳಿ. ಹಲವು ವರ್ಷ ತಾನೇ ನಡೆಸಬೇಕಾದವನು ಅಗ್ಗದ ಪಂಪನ್ನು ಸುಲಭವಾಗಿ ಒಪ್ಪುವುದಿಲ್ಲ, ಅಂಥಲ್ಲಿ ನಿಮ್ಮ ಲೆಕ್ಕಕ್ಕೆ ಕಿವಿಗೊಡುವವರು ಸಿಗುತ್ತಾರೆ.