ಅಂಗುಲಿಮಾಲನ ಬೆರಳಂಗಡಿ

"ಹಾವು ತಗೋತಿದೀನಿ ಕಣ್ರೋ" ಅಂದ ನಾಣಿ, ಸೈಟು ತಗೋತಿದೀನಿ ಅನ್ನೋ ಧಾಟಿಲಿ.

ಪಾಟೀಲನ ಕೈಲಿದ್ದ ಇಡ್ಲಿ ಸಾಂಬಾರಿಗೇ ವಾಪಸ್ ಬಿತ್ತು. "ಯಾಕೋ ತಮ್ಮಾ, ಮನ್ಯಾಗ ಇಲಿ ಭಾಳ ಆಗ್ಯಾವೇನು?"

"ಇಲಿ ಹಿಡಿಯೋಕಲ್ಲ ಮಾರಾಯ, ಪೆಟ್ಟು. ಬಾಲ್ ಪೈಥಾನು. ಇಲಿನೂ ನಾವೇ ತಂದು ಕೊಡ್ಬೇಕು ಅದಕ್ಕೆ. ಫ್ರೋಜನ್ ಸಿಗುತ್ತೆ, ಫ್ರಿಜ್ಜಲ್ಲಿಟ್ಟು, ಬೇಕಾದಾಗ ಬೆಚ್ಚನೆ ನೀರಲ್ಲಿ ಕರಗಿಸಿ..."

"ಫ್ರಿಜ್ಜು ಅಂದ್ರೆ ಲಲಿತಾ ದೋಸೆ ಹಿಟ್ಟಿಡ್ತಾಳಲ್ಲ, ಅದೇನಾ?" ಅಂದ್ಲು ವಿಜಿ.

"ಅವಳಿಗೆ ಇನ್ನೂ ಹೇಳಿಲ್ಲ."

ಗುಂಡಣ್ಣ ಮಾತಾಡ್ಲಿಲ್ಲ, ಬೈಟು ಕಾಫಿನ ಎರಡು ಲೋಟಕ್ಕೆ ಸಮ ಮಾಡೋದ್ರಲ್ಲಿದ್ದ. ಅದು ಮುಗಿದ್ಮೇಲೆ ತಲೆ ಎತ್ತಿ, "ಹೋದ ವರ್ಷ ಏರ್ ಫ್ರೈಯರ್ ತಗೊಂಡೆ, ಅದರಲ್ಲೀಗ ಬ್ಯಾಟರಿ ಸೆಲ್ಲು ಇಡ್ತೀಯ. ಅದರ ಹಿಂದಿನ ವರ್ಷ ಮನೇಲೇ ತುಳಿಯೋ ಸೈಕಲ್ಲು, ಅದರ ಮೇಲೆ ಟವೆಲ್ ಒಣಗುತ್ತೆ. ಹಾವಿನ ಮೇಲೆ ಟವೆಲ್ ಒಣಗಿಸೋಕಾಗಲ್ಲ ನಾಣಿ. 20 ವರ್ಷ, 30 ವರ್ಷ ಬದುಕುತ್ತೆ ಅದು. ನಿನ್ನ ಹೋಮ್ ಲೋನ್ ತೀರಿದ್ರೂ ಅದಿರುತ್ತೆ" ಅಂದ.

ನಾಣಿ ಫೋನ್ ತೆಗೆದು ವಿಡಿಯೋ ತೋರಿಸ್ದ. ಒಂದು ಕೈ, ಕೈ ಮೇಲೆ ಕಂದು-ಕಪ್ಪು ಬಣ್ಣದ ಉಂಡೆ, ಹಿಂದೆ ಯಾವ್ದೋ ಹಾಡು. "ನೋಡು ಎಷ್ಟು ಸಾಧು ಪ್ರಾಣಿ, ಹೆಂಗೆ ಮುದುರ್ಕೊಂಡು ಕೂತಿದೆ, ಕಚ್ಚೋದಿಲ್ಲ, ಬುಸ್ ಅನ್ನೋದಿಲ್ಲ."

"ಅದು ಸಾಧು ಅಲ್ಲಪ್ಪ, ಭಯ. ಆಫ್ರಿಕಾದ ಘಾನಾ, ಬೆನಿನ್ ಕಡೆ ಹಾವು ಅದು" ಅಂದ ಗುಂಡಣ್ಣ. "ಹೆದರಿದಾಗ ತಲೆನ ಒಳಗಿಟ್ಕೊಂಡು ಉಂಡೆ ಆಗುತ್ತೆ, ಅದಕ್ಕೇ ಬಾಲ್ ಅಂತ ಹೆಸರು. ಅಪ್ರೈಸಲ್ ದಿನ ನೀನು ಮ್ಯಾನೇಜರ್ ಮುಂದೆ ಕೂತ್ಕೋತೀಯಲ್ಲ, ಥೇಟ್ ಹಂಗೇ. ನಿನ್ನನ್ನ ನೋಡಿ ಯಾರಾದ್ರೂ ಎಷ್ಟು ಮುದ್ದಾಗಿದೆ ಅಂತ ರೀಲ್ಸ್ ಮಾಡಿದ್ರಾ?"

"ಅದಿರ್ಲಿ, ಮಾರೋನು ಯಾರು?" ಅಂದ ಸುಬ್ಬು. ಇವನಿಗೆ ಯಾವಾಗ್ಲೂ ಪಾರ್ಟಿ ಯಾರು, ದಾಖಲೆ ಏನು ಅನ್ನೋದೇ ಯೋಚನೆ.

"ಒಬ್ಬ ಇದಾನೆ. ಭಾರಿ ನಾಲೆಡ್ಜು. ಮೊದ್ಲೊಂದ್ಸಲ ಸಣ್ಣ ಪ್ರಾಬ್ಲಮ್ ಆಗಿತ್ತಂತೆ, ಏರ್ಪೋರ್ಟಲ್ಲಿ."

"ಲಗೇಜ್ ಜಾಸ್ತಿ ಆಗಿತ್ತಾ?"

"ತೂಕ ಸರಿಯಾಗೇ ಇತ್ತಂತೆ. ಅಲ್ಲಾಡ್ತಿತ್ತಂತೆ."

ಪಕ್ಕದ ಟೇಬಲ್ಲೋರೂ ತಿರುಗಿ ನೋಡೋ ಹಾಗೆ ನಕ್ಕ ಪಾಟೀಲ. ನಾಣಿಗೆ ಕೋಪ ಬಂತು. "ಅದೆಲ್ಲ ಹಳೇ ಕತೆ. ಒಳಗಿದ್ದು ಬಂದಿದಾನೆ. ಈಗ ಪೂರ್ತಿ ಬದಲಾಗಿದಾನೆ."

"ಅದೂ ಸರಿನೇ" ಅಂದ ಸುಬ್ಬು. "ಶಿಕ್ಷೆ ಅನುಭವಿಸಿ ಬಂದೋನಿಗೆ ಬದುಕೋಕೆ ಬಿಡ್ಬೇಕಲ್ವಾ? ಅಷ್ಟು ಜನರ ಬೆರಳು ಕತ್ತರಿಸಿ ಹಾರ ಮಾಡ್ಕೊಂಡ ಅಂಗುಲಿಮಾಲನೇ ಬದಲಾಗ್ಲಿಲ್ವಾ?"

ಗುಂಡಣ್ಣ ಲೋಟ ಕೆಳಗಿಟ್ಟ. ಅವನು ಲೋಟ ಕೆಳಗಿಟ್ಟ ಅಂದ್ರೆ ಇನ್ನು ಅರ್ಧ ಗಂಟೆ ಯಾರೂ ಎದ್ದು ಹೋಗೋ ಹಾಗಿಲ್ಲ.

"ಬದಲಾದ, ನಿಜ. ಬದಲಾಗಿ ಏನ್ಮಾಡ್ದ?"

"ಭಿಕ್ಷು ಆದ."

"ಬೆರಳಂಗಡಿ ಇಟ್ಕೊಂಡ್ನಾ?"

"ಅಂದ್ರೆ?"

"ಅಂದ್ರೆ, ಬುದ್ಧ ಬಂದು ಬುದ್ಧಿ ಹೇಳಿದ್ಮೇಲೆ, ಅದೇ ಕಾಡು ದಾರಿಲಿ ಶಟರ್ ಎತ್ತಿ, ಅಂಗುಲಿಮಾಲ ಫಿಂಗರ್ಸ್, ಸ್ಥಾಪನೆ ಬೋಧಿವೃಕ್ಷದ ಕಾಲದಿಂದ, ಈಗ ಎಲ್ಲಾ ಲೀಗಲ್ ಬೆರಳು, ಜಿಎಸ್‌ಟಿ ಬಿಲ್ ಸಮೇತ ಅಂತ ಬೋರ್ಡ್ ಹಾಕಿದ್ನಾ ಅಂತ ಕೇಳ್ತಿದೀನಿ. ಇಲ್ಲಪ್ಪ. ಬಟ್ಟಲು ಹಿಡ್ಕೊಂಡು ಊರೊಳಗೆ ಹೋದ, ಜನ ಕಲ್ಲಲ್ಲಿ ಹೊಡೆದ್ರು, ತಲೆ ಒಡ್ಕೊಂಡು ರಕ್ತ ಸುರಿಸ್ತಾ ವಾಪಸ್ ಬಂದ. ಸಹಿಸ್ಕೋ, ನಿಂದೇ ಕರ್ಮ ಅಂದ ಬುದ್ಧ. ನಿನ್ನ ಹಾವಿನವನಿಗೆ ವಾಪಸ್ ಬಂದ್ಮೇಲೆ ಏನಾಯ್ತು?"

"ಫಾಲೋವರ್ಸ್ ಜಾಸ್ತಿ ಆದ್ರು" ಅಂದ ನಾಣಿ. ಪಾಪ, ಅವನಿಗೆ ಸುಳ್ಳು ಹೇಳೋಕೆ ಬರಲ್ಲ.

ವಿಜಿ ಮಾತ್ರ ಒಪ್ಪಲಿಲ್ಲ. ಅವರ ಆಫೀಸಿನ ಡ್ರೈವರ್ ಒಬ್ಬ ಹಿಂದೆ ಜೈಲಲ್ಲಿದ್ದೋನು, ಅದು ಗೊತ್ತಾದಾಗ ಎಲ್ಲಾರೂ ಕೆಲಸದಿಂದ ತೆಗೀಬೇಕು ಅಂತ ಕೂತಿದ್ರು, ಇವಳೊಬ್ಳೇ ಬೇಡ ಅಂದಿದ್ದು, ಇವತ್ತಿಗೂ ಅವನಷ್ಟು ನಿಯತ್ತಾಗಿ ಗಾಡಿ ಓಡಿಸೋರಿಲ್ಲ, ಹಂಗಿರೋವಾಗ ಒಂದ್ಸಲ ಕಳ್ಳ ಅಂದ್ರೆ ಸಾಯೋವರೆಗೂ ಕಳ್ಳನಾ ಅಂತ ಇವಳ ವಾದ.

"ಅಲ್ಲವೇ ಅಲ್ಲ. ಚಿನ್ನ ಕದ್ದೋನು ಬೇಕರಿ ಇಟ್ರೆ ನಾನೇ ಹೋಗಿ ನಾಲ್ಕು ಬನ್ನು ಹೆಚ್ಚಿಗೆ ತಗೋತೀನಿ. ಬನ್ನು ಕದ್ದೋನು ಬನ್ನೇ ಮಾರ್ತಿದ್ರೆ, ಹಿಟ್ಟೆಲ್ಲಿಂದ ಬಂತಪ್ಪ ಅಂತ ಕೇಳ್ತೀನಿ. ಅಷ್ಟೇ. ಇನ್ನೊಂದು ಹೇಳು ನಾಣಿ, ನಿಮ್ಮ ಅಪಾರ್ಟ್‌ಮೆಂಟಲ್ಲಿ ಪಾತ್ರೆ ತೊಳೆಯೋ ಹೆಂಗಸು ಒಳಗೆ ಬರ್ಬೇಕಾದ್ರೆ ಆಧಾರು, ಎರಡು ಫೋಟೋ, ಪೊಲೀಸ್ ವೆರಿಫಿಕೇಷನ್ನು, ಹೋಗೋವಾಗ ಬ್ಯಾಗ್ ಚೆಕಿಂಗು. ಹಾವಿನವನಿಗೆ ಮಾತ್ರ, ಬದಲಾಗಿದಾನೆ ಅನ್ನೋ ಬಾಯಿಮಾತು ಸಾಕಾ?"

ನಾಣಿ ಸುಬ್ಬು ಕಡೆ ನೋಡ್ದ, ಕಾನೂನಿನ ಕಡೆಯಿಂದ ಏನಾದ್ರೂ ಸಹಾಯ ಬರುತ್ತಾ ಅಂತ. ಸುಬ್ಬು ಗಂಟಲು ಸರಿ ಮಾಡ್ಕೊಂಡ. 1972ರ ವನ್ಯಜೀವಿ ಕಾಯ್ದೆ ನಮ್ಮ ದೇಶದ ಪ್ರಾಣಿಗಳನ್ನ ಕಾಯೋಕೆ ಬಂದಿದ್ದು, ಫಾರಿನ್ ಪ್ರಾಣಿ ಬಗ್ಗೆ ಅದು ಹೆಚ್ಚುಕಮ್ಮಿ ಸುಮ್ಮನಿತ್ತು. ಏರ್ಪೋರ್ಟಲ್ಲಿ ಕಸ್ಟಮ್ಸ್‌ನೋರು ಹಿಡಿದ್ರೆ ಹಿಡಿದ್ರು, ಒಂದ್ಸಲ ಗೇಟ್ ದಾಟಿ ಹೊರಗೆ ಬಂದ್ರೆ ಯಾರ ಮನೆ ನೆಂಟ ಅಂತ ಕೇಳೋರಿರ್ಲಿಲ್ಲ. ಅದಕ್ಕೇ ಬೀದಿ ಮರದಲ್ಲಿರೋ ಗಿಣಿ ಸಾಕಿದ್ರೆ ಅಪರಾಧ, ಅಮೆಜಾನ್ ಕಾಡಿನ ಮಕಾವ್ ಸಾಕಿದ್ರೆ ಸ್ಟೇಟಸ್ಸು. 2022ರಲ್ಲಿ ತಿದ್ದುಪಡಿ ಆಯ್ತು, 2023ರ ಏಪ್ರಿಲ್ 1ರಿಂದ ಜಾರಿ. ಸೈಟಿಸ್ ಅಂದ್ರೆ ಕಾಡು ಪ್ರಾಣಿ-ಗಿಡಗಳನ್ನ ದೇಶದಿಂದ ದೇಶಕ್ಕೆ ಮಾರೋದಕ್ಕೆ ಕಡಿವಾಣ ಹಾಕೋ ಅಂತಾರಾಷ್ಟ್ರೀಯ ಒಪ್ಪಂದ, ಅದರ ಪಟ್ಟಿಲಿರೋ ಪ್ರಾಣಿ ಮನೇಲಿದ್ರೆ ಈಗ ಸರ್ಕಾರದ ಪರಿವೇಶ್ ಪೋರ್ಟಲ್ಲಲ್ಲಿ ರಿಜಿಸ್ಟರ್ ಮಾಡಿಸ್ಬೇಕು. ಬಾಲ್ ಪೈಥಾನೂ ಆ ಪಟ್ಟಿಲಿದೆ, ಇಗುವಾನನೂ ಇದೆ.

"ಅದಕ್ಕೂ ಮುಂಚೆ 2020ರಲ್ಲಿ ಒಂದು ಸ್ಕೀಮ್ ಬಂದಿತ್ತಲ್ಲ" ಅಂದ ನಾಣಿ. ಹೋಮ್‌ವರ್ಕ್ ಮಾಡ್ಕೊಂಡೇ ಬಂದಿದ್ದ. "ಆರು ತಿಂಗಳೊಳಗೆ ಸ್ವಯಂ ಘೋಷಣೆ ಮಾಡಿದ್ರೆ ದಾಖಲೆ ಕೇಳಲ್ಲ ಅಂತ ಸರ್ಕಾರನೇ ಹೇಳಿತ್ತು."

"ಹ್ಞಾಂ, ನೆನಪಿದೆ. 1997ರಲ್ಲಿ ಕಪ್ಪುಹಣಕ್ಕೆ ಮಾಡಿದ್ರಲ್ಲ, ಅದರ ತಮ್ಮ" ಅಂದ ಗುಂಡಣ್ಣ. "ಬೆರಳು ಯಾರ ಕೈದು ಅಂತ ಕೇಳಲ್ಲ, ಎಷ್ಟಿದೆ ಅಂತ ಎಣಿಸಿ ಹೇಳಿ ಸಾಕು. ದೇಶದಲ್ಲಿ 30,000ಕ್ಕೂ ಹೆಚ್ಚು ಜನ ಕೈ ಎತ್ತಿದ್ರು. ಬೆರಳಂಗಡಿಗೆ ಅಷ್ಟು ಗಿರಾಕಿ ಇದಾರೆ ಅಂತ ಅವತ್ತೇ ಗೊತ್ತಾಗಿದ್ದು."

"ಆದ್ರ ಇವ ಹೇಳೂದು ಫಾರ್ಮಿನ್ಯಾಗ ಹುಟ್ಟಿದ ಹಾವಂತ" ಅಂದ ಪಾಟೀಲ, ಸುಮ್ಮನೆ ಬೆಂಕಿಗೆ ತುಪ್ಪ ಸುರಿಯೋಕೆ. "ಸಾವಯವ ಬೆರಳು!"

"ಇವನ ಹತ್ರ ಪೇಪರ್ ಇದೆ!" ಅಂದ ನಾಣಿ.

"ಕೊಡು ಇಲ್ಲಿ ಫೋನು." ಗುಂಡಣ್ಣ ಕನ್ನಡಕ ಹಣೆ ಮೇಲಕ್ಕೆ ಸರಿಸಿ, ವಿಡಿಯೋ ನಿಲ್ಲಿಸಿ, ಎರಡು ಬೆರಳಲ್ಲಿ ದೊಡ್ಡದು ಮಾಡ್ದ (ನಾವೆಲ್ಲ ಆ ಎರಡು ಬೆರಳನ್ನೇ ನೋಡ್ತಿದ್ವಿ, ಮಾತೇ ಹಂಗೆ ನಡೀತಿತ್ತಲ್ಲ). ಹಾವಿನ ಕತ್ತಿನ ಹತ್ರ, ಹುರುಪೆ ಸಂದಿಲಿ, ರಾಗಿ ಕಾಳಿನಷ್ಟು ಕಪ್ಪಗೆ ಏನೋ ಉಬ್ಬಿತ್ತು. ಅದರ ಪಕ್ಕ ಇನ್ನೊಂದು.

"ಇದೇನು?"

"ಡಿಸೈನು."

"ಉಣ್ಣಿ ಕಣೋ. ನಮ್ಮಮ್ಮ ಹಸು ಕಿವಿಯಿಂದ ಕಿತ್ತು ಸೀಮೆಎಣ್ಣೆ ಬಟ್ಟಲಿಗೆ ಹಾಕೋಳಲ್ಲ, ಅದೇ ಜಾತಿ. ಪ್ಲಾಸ್ಟಿಕ್ ಡಬ್ಬಿಲಿ ಹುಟ್ಟಿ, ಪ್ಲಾಸ್ಟಿಕ್ ಡಬ್ಬಿಲಿ ಬೆಳೆದ ಹಾವಿಗೆ ಉಣ್ಣಿ ಎಲ್ಲಿಂದ ಹತ್ತುತ್ತೆ? ಪೇಪರ್ ಫಾರ್ಮಲ್ಲಿ ಹುಟ್ಟಿರ್ಬಹುದು, ಹಾವಲ್ಲ."

ನಾಣಿ ಫೋನ್ ಈಸ್ಕೊಂಡು ತಾನೂ ದೊಡ್ಡದು ಮಾಡಿ ನೋಡ್ದ, ಏನೂ ಹೇಳ್ಲಿಲ್ಲ. ಆಮೇಲೆ, "ಹಂಗಂದ್ರೂ ನಾನು ತಗೊಂಡ್ರೆ ಅದಕ್ಕೊಂದು ಒಳ್ಳೆ ಮನೆ ಆದ್ರೂ ಸಿಗುತ್ತಲ್ಲ, ಅವನ ಹತ್ರ ಇರೋದಕ್ಕಿಂತ" ಅಂದ. ಇದು ಸ್ವಲ್ಪ ನಾಟೋ ಮಾತೇ. ವಿಜಿ ಕೂಡ ತಲೆ ಆಡಿಸಿದ್ಲು.

"ಒಂದು ಜಾಗ ಖಾಲಿ ಆದ್ರೆ ಅವನು ಇನ್ನೊಂದು ತರ್ತಾನೆ" ಅಂದ ಗುಂಡಣ್ಣ. "2023ರ ಆಗಸ್ಟಲ್ಲಿ ನಮ್ಮ ದೇವನಹಳ್ಳಿ ಏರ್ಪೋರ್ಟಲ್ಲಿ ಬ್ಯಾಂಕಾಕಿಂದ ಬಂದ ಟ್ರಾಲಿ ಬ್ಯಾಗ್ ತೆಗೆದ್ರೆ 234 ಪ್ರಾಣಿ. ಹಾವು, ಇಗುವಾನ, ಆಮೆ, ಮೊಸಳೆ ಜಾತಿ ಮರಿ. ಒಂದು ಕಾಂಗರೂ ಮರಿನೂ ಇತ್ತು, ಪ್ಲಾಸ್ಟಿಕ್ ಡಬ್ಬಿಲಿ, ಉಸಿರು ಕಟ್ಟಿ ಸತ್ತಿತ್ತು. ಅಮ್ಮನ ಚೀಲದಲ್ಲಿರ್ಬೇಕಾದ್ದು ಟ್ರಾಲಿ ಚೀಲಕ್ಕೆ ಬಂತು ನೋಡು. ಅದಾಗಿ ತಿಂಗಳು ತುಂಬಿಲ್ಲ, ಸೆಪ್ಟೆಂಬರಲ್ಲಿ ಇನ್ನೊಂದು ಲಗೇಜು, 55 ಬಾಲ್ ಪೈಥಾನು, 17 ಕಾಳಿಂಗ, 6 ಕಪುಚಿನ್ ಕೋತಿ, ಆರೂ ಸತ್ತಿದ್ವು."

"ಕಾಳಿಂಗಾನಾ? ಕಾಳಿಂಗ ಆಗುಂಬ್ಯಾಗ ಅದಾವಲ್ಲೋ!"

"ಇದ್ರೇನು, ಫಾರಿನ್ ರಿಟರ್ನ್ಡ್ ಅಳಿಯನೇ ಬೇಕು ನಮಗೆ."

ಆಮೇಲೆ ಮಾತು ಎಲ್ಲೆಲ್ಲೋ ಹೋಯ್ತು. ಅಳಿಯನಿಂದ ವೀಸಾಕ್ಕೆ, ವೀಸಾದಿಂದ ಪಾಟೀಲನ ಭಾವನ ಮಗಂಗೆ, ಅಲ್ಲಿಂದ ಬ್ಯಾಗ್ ಕಳ್ಕೊಂಡ ಕತೆಗೆ. ಬ್ಯಾಗ್ ಅಂದ ಕೂಡ್ಲೆ ಗುಂಡಣ್ಣಂಗೆ ಮಲೇಷ್ಯಾದ ಆನ್ಸನ್ ವಾಂಗ್ ನೆನಪಾದ. ಅಮೆರಿಕದಲ್ಲಿ ಇದೇ ದಂಧೆಗೆ 2001ರಲ್ಲಿ 71 ತಿಂಗಳ ಶಿಕ್ಷೆ ಆಗಿತ್ತು ಅವನಿಗೆ. 2010ರಲ್ಲಿ ಕೌಲಾಲಂಪುರ ಏರ್ಪೋರ್ಟಲ್ಲಿ ಅವನ ಸೂಟ್‌ಕೇಸ್ ಬೆಲ್ಟ್ ಮೇಲೇ ಬಾಯಿ ಬಿಟ್ಕೊಂಡ್ತು. ಒಳಗೆ 95 ಬೋವಾ ಹಾವು. "ಬೆರಳಂಗಡಿ ಮುಚ್ಚಿರ್ಲಿಲ್ಲ ಅಂತ ಪೊಲೀಸ್ರು ಹೇಳಿದ್ದಲ್ಲ, ಜಿಪ್ಪು ಹೇಳಿದ್ದು" ಅಂದ ಗುಂಡಣ್ಣ.

"ನಿನಗ್ಯಾಕೋ ಇದೆಲ್ಲ ಇಷ್ಟು ಬಾಯಿಪಾಠ?" ವಿಜಿ ಸುಮ್ಮನೆ ಕೇಳಿದ್ದು.

ಗುಂಡಣ್ಣ ಆರಿಹೋಗಿದ್ದ ಕಾಫಿ ಒಂದು ಗುಟುಕು ಕುಡಿದ.

"ನಮ್ಮೂರು ಚಿಂತಾಮಣಿ ಕಡೆ ಅಲ್ವಾ. ಮುಂಗಾರು ಮೊದಲ ಎರಡು ಮಳೆ ಬಿದ್ರೆ ಕಡ್ಲೆಕಾಯಿ ಹೊಲದ ಬದುವಲ್ಲಿ, ಕತ್ತಾಳೆ ಬುಡದಲ್ಲಿ ಆಮೆ ಆಚೆ ಬರೋವು. ನಕ್ಷತ್ರದ ಆಮೆ. ಬೆನ್ನ ಮೇಲೆ ಗುಬುಟು ಗುಬುಟು, ಒಂದೊಂದು ಗುಬುಟಿನ ತುದಿಯಿಂದ ಹಳದಿ ಗೆರೆ ಇಳಿದಿರುತ್ತೆ, ಕಪ್ಪು ನೆಲದ ಮೇಲೆ ಯಾರೋ ರಂಗೋಲಿ ಎಳೆದಂಗೆ. ಬೆಳಿಗ್ಗೆ ಒದ್ದೆ ಹುಲ್ಲು ಮೇಯೋಕೆ ಬರೋವು. ನಾವು ನಾಲ್ಕೈದು ಹುಡುಗ್ರು ಹಿಡೀತಿದ್ವಿ. ಸೈಕಲ್ಲಲ್ಲಿ ಗೋಣಿಚೀಲ ಕಟ್ಕೊಂಡು ಒಬ್ಬ ಬರೋನು, ಆಮೆಗೆ ಎರಡು ರೂಪಾಯಿ. ನಾವು ಕಮ್ಮರಕಟ್ ತಿನ್ನೋವು. ಅವನೂ ಒಂದ್ಸಲ ಒಳಗೆ ಹೋಗಿ ಬಂದೋನು ಅಂತ ದೊಡ್ಡೋರು ಮಾತಾಡ್ಕೊಳ್ಳೋರು, ನಮಗೇನು, ಅವನು ಸರಿಯಾಗಿ ಕಾಸು ಕೊಡ್ತಿದ್ದ."

ಯಾರೂ ಮಾತಾಡ್ಲಿಲ್ಲ.

"ಎತ್ತಿದ ಕೂಡ್ಲೆ ಉಚ್ಚೆ ಹೊಯ್ಯೋವು, ಕೈ ಮೇಲೆಲ್ಲ. ನಮಗೆ ಅದೇ ತಮಾಷೆ, ಬಿದ್ದು ಬಿದ್ದು ನಗ್ತಿದ್ವಿ. ಅದು ಭಯಕ್ಕೆ ಹಂಗೆ ಮಾಡುತ್ತೆ ಅಂತ ಗೊತ್ತಾಗೋ ಹೊತ್ತಿಗೆ ನನಗೆ ನಲವತ್ತು ದಾಟಿತ್ತು. ಪೇಪರಲ್ಲಿ ಫೋಟೋ ಬಂದಿತ್ತು, ಸೂಟ್‌ಕೇಸಲ್ಲಿ ಒಂದರ ಮೇಲೊಂದು ಜೋಡಿಸಿದ ಆಮೆ, ಎಲ್ಲಿಗೆ ಹೊರಟಿದ್ದು ಅಂದ್ರೆ ಬ್ಯಾಂಕಾಕಿಗೆ. ಇಲ್ಲಿಂದ ಆಮೆ ಹೋಗುತ್ತೆ, ಅಲ್ಲಿಂದ ಹಾವು ಬರುತ್ತೆ, ಬ್ಯಾಗ್ ಮಾತ್ರ ಖಾಲಿ ಓಡಾಡಲ್ಲ. 2019ರಲ್ಲಿ ಸೈಟಿಸ್‌ನೋರು ಅದನ್ನ ಮೊದಲನೇ ಪಟ್ಟಿಗೇ ಹಾಕಿದ್ರು, ಯಾವ ದೇಶನೂ ವ್ಯಾಪಾರ ಮಾಡೋ ಹಂಗಿಲ್ಲ ಅಂತ. ಆ ವರ್ಷ ಮಳೆಗಾಲದಲ್ಲಿ ಊರಿಗೆ ಹೋದಾಗ ಬೆಳಿಗ್ಗೆ ಎದ್ದು ಬದು ಮೇಲೆ ನಡೆದೆ. ಅರ್ಧ ಹೊಲ ನೀಲಗಿರಿ, ಇನ್ನರ್ಧಕ್ಕೆ ಸೈಟಿನ ಕಲ್ಲು ನೆಟ್ಟಿದಾರೆ. ಕತ್ತಾಳೆ ಹಂಗೇ ಇದೆ. ಕೋಲಲ್ಲಿ ಸರಿಸಿ ಸರಿಸಿ ನೋಡಿದೆ, ಪ್ಯಾಂಟೆಲ್ಲ ಒದ್ದೆ ಆಯ್ತು."

"ಒಂದೂ ಇರ್ಲಿಲ್ಲೇನು?" ಪಾಟೀಲ.

"ಒಂದು ಗುಟ್ಕಾ ಪಾಕೆಟ್ ಇತ್ತು."

ವಿಜಿ ಅವನ ಕೈ ತಟ್ಟಿದ್ಲು. "ಚಿಕ್ಕ ಹುಡುಗ್ರು, ಬಿಡೋ."

"ಬಿಟ್ಟೆ. ಎಷ್ಟು ಹಿಡಿದಿದ್ದೆ ಅಂತ ಲೆಕ್ಕ ಮಾತ್ರ ನೆನಪಾಗಲ್ಲ. ಅಂಗುಲಿಮಾಲನೇ ವಾಸಿ, ಎಣಿಸಿ ಕತ್ತಿಗೆ ಹಾಕ್ಕೊಂಡಿದ್ದ."

ಟೇಬಲ್ ಮೇಲೆ ನಾಣಿ ಫೋನು ಗುಂಯ್ ಅಂತು. ಹಾವಿನವನೇ. ಸರ್ ಫೈನಲ್ ರೇಟ್, ಇವತ್ತು ಸಂಜೆವರೆಗೆ ಮಾತ್ರ, ಜೊತೆಗೆ ಎರಡು ಕೈ ಮುಗಿದ ಚಿತ್ರ. ನಾಣಿ ಫೋನ್ ಮಗುಚಿ ಇಟ್ಟ. ಮುಖ ಸಪ್ಪಗಾಗಿತ್ತು. ಅಷ್ಟು ಹೊತ್ತೂ ಮಾತಾಡದೆ ಕೂತಿದ್ದೋನು ಕೊನೆಗೆ ಗುಂಡಣ್ಣನ ಕಡೆ ಬಗ್ಗಿ, ಮೆತ್ತಗೆ ಕೇಳ್ದ.

"ಆ ಆಮೆ... ಬೇರೆ ಕಡೆ ಎಲ್ಲಾದ್ರೂ ಸಿಗುತ್ತಾ ಈಗ?"

ಬದುಕಿ ಉಳಿದಿದೆಯಾ ಅಂತ ಕೇಳಿದ್ನೋ, ಕೊಂಡ್ಕೋಬಹುದಾ ಅಂತ ಕೇಳಿದ್ನೋ ನಮಗ್ಯಾರಿಗೂ ಗೊತ್ತಾಗ್ಲಿಲ್ಲ. ಗುಂಡಣ್ಣ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಕ್ಯಾಷಿಯರ್ ಕಡೆ ತಿರುಗಿ, ಇನ್ನೊಂದು ಬೈಟು ಹೇಳ್ದ.