ಸಹಾಯ ಬೇಕು: ‘ಒಕ್ಲಹೋಮಾ!’ – 1955ರ ಸಿನಿಮಾನ ಲಂಡನ್ ರಂಗಪ್ರಯೋಗದ ಜೊತೆ ಹೋಲಿಸೋದು ಹೇಗೆ?

ಈ ಹಾಡು-ಕುಣಿತದ ನಾಟಕದ ಎರಡೂ ರೂಪಗಳನ್ನ ಅಕ್ಕಪಕ್ಕ ಇಟ್ಟು ನೋಡ್ತಾ ಕನಸಿನ ಬ್ಯಾಲೆ (ನಾಯಕಿ ಲಾರಿ ಕಾಣೋ ಕನಸನ್ನ ನೃತ್ಯದಲ್ಲೇ ತೋರಿಸೋ ಭಾಗ) ಹತ್ರ ಸಿಕ್ಕಿಹಾಕಿಕೊಂಡಿದ್ದೀನಿ. ಹಾಡುಗಳ ಲೆಕ್ಕ ಸುಲಭ. ಸಿನಿಮಾದಲ್ಲಿ ಲಾರಿ ಮೇಲೆ ಕಣ್ಣಿಟ್ಟಿರೋ ಕೂಲಿಯಾಳು ಜಡ್‌ನ ‘ಲೋನ್ಲಿ ರೂಮ್’ ಹಾಡು ಕತ್ತರಿಸಿದ್ದಾರೆ, ಟ್ರೆವರ್ ನನ್ ನಿರ್ದೇಶಿಸಿದ 1998ರ ಪ್ರಯೋಗದಲ್ಲಿ ಇದೆ. (ಆ ಹಾಡಿಲ್ಲದೆ ಜಡ್ ಬರೀ ಖಳನಾಗಿಬಿಡ್ತಾನೆ.)

ಬ್ಯಾಲೆ ಹಾಗಲ್ಲ. ಸಿನಿಮಾದಲ್ಲಿ ನೃತ್ಯ ಆಗ್ನೆಸ್ ಡಿ ಮಿಲ್ ಅವರದ್ದು. ಕನಸು ಶುರುವಾದ ಮೇಲೆ ಲಾರಿ ಪಾತ್ರದ ಶರ್ಲಿ ಜೋನ್ಸ್ ಜಾಗದಲ್ಲಿ ಬ್ಯಾಂಬಿ ಲಿನ್ ಕುಣೀತಾರೆ. ಲಂಡನ್‌ನಲ್ಲಿ ಸೂಸನ್ ಸ್ಟ್ರೋಮನ್ ಹೊಸದಾಗಿ ಸಂಯೋಜಿಸಿದ್ದಾರೆ, ಲಾರಿ ಪಾತ್ರದ ಜೋಸೆಫಿನಾ ಗೇಬ್ರಿಯಲ್ ತಾವೇ ಕುಣೀತಾರೆ. ನಿಮಿಷ-ಸೆಕೆಂಡ್ ಹಾಕಿ ಹೊಂದಿಸಿ ನೋಡಿದೆ, ಕೂಡಲಿಲ್ಲ.

ಸಾಲದ್ದಕ್ಕೆ ಸಿನಿಮಾನೇ ಎರಡು, ಬೇರೆ ಬೇರೆ ಅಗಲ ಪರದೆ ವಿಧಾನಗಳಲ್ಲಿ ತೆಗೆದದ್ದು! ಟಾಡ್-ಎಓದಲ್ಲಿ ಸೆಕೆಂಡಿಗೆ 30 ಫ್ರೇಮ್, ಸಿನಿಮಾಸ್ಕೋಪ್‌ನಲ್ಲಿ 24, ಟೇಕ್‌ಗಳೂ ಬೇರೆ. ಒಂದಕ್ಕೆ ಮಾಡಿದ ಶಾಟ್ ಪಟ್ಟಿ ಇನ್ನೊಂದಕ್ಕೆ ತಾಳೆ ಆಗಲ್ಲ.

ಗೊತ್ತಿರೋರು ಹೇಳಿ: ಬ್ಯಾಲೆಯನ್ನ ಕಥೆಯ ಘಟ್ಟಗಳ ಮೇಲೆ (ಮದುವೆ, ಜಡ್ ಬರೋದು, ನಾಯಕ ಕರ್ಲಿ ಸಾಯೋದು) ಹೋಲಿಸಲಾ, ಇಲ್ಲಾ ಸಂಗೀತದ ಭಾಗಗಳ ಮೇಲಾ? ಸಿನಿಮಾದ ಯಾವ ಆವೃತ್ತಿಯನ್ನ ಆಧಾರ ಮಾಡ್ಕೊಳ್ಳಲಿ?